ಕಡಿದ ಮೇಲೆ ಇನ್ನೊಂದು ದಾಳ

ಅತ್ತೆ,

ಹಿರಿಸೊಸೆ ಜಯಂತಿ ಬರೆಯುತ್ತಿದ್ದೇನೆ. ನೀವು ಹೋಗಿ ಮೂರು ವರ್ಷವಾಯಿತು. ಕ್ಷೇಮಸಮಾಚಾರ ಆಮೇಲೆ, ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಮುಗಿಸಿಬಿಡೋಣ. ನಿಮ್ಮ ಬಂಗಲೆ ಪಗಡೆಯ ಮಣೆಯನ್ನು ಶೋಭಾಗೆ ಯಾಕೆ ಕೊಟ್ಟಿರಿ?

ನಾನು ಮದುವೆಯಾಗಿ ಕುಂದೂರಿಗೆ ಬಂದ ಎರಡನೇ ವಾರ ನೆನಪಿದೆಯಾ? ಮಧ್ಯಾಹ್ನ ಜಗಲಿಯ ಮೇಲೆ ಕೂರಿಸಿಕೊಂಡು ಆ ಮರದ ಪೆಟ್ಟಿಗೆ ಬಿಚ್ಚಿ ಮಣೆ ಹರಡಿದಿರಿ. ಚಿಕ್ಕ ವಯಸ್ಸಿನಲ್ಲಿ ನೀವು ಎಸ್ಟೇಟ್ ಬಂಗಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಅಮ್ಮಾವ್ರಿಗೆ ಜೊತೆಗೆ ಆಡುವವರಿಲ್ಲದೆ ನಿಮಗೆ ಕಲಿಸಿದರಂತೆ, ಊರು ಬಿಡುವಾಗ ಪೆಟ್ಟಿಗೆಯನ್ನೂ ಕೊಟ್ಟು ಹೋದರಂತೆ. ಹದಿನೈದು ಕಾಯಿ ನಿಮಗೆ, ಹದಿನೈದು ನನಗೆ, ಎರಡು ದಾಳ. ಒಂಟಿ ಕಾಯಿ ಸಿಕ್ಕರೆ ಕಡಿಯಬಹುದು. ಅವತ್ತೇ ನಿಮ್ಮ ಕಾಯಿಯೊಂದನ್ನು ಕಡಿದೆ, ಅದೇ ಉಸಿರಿನಲ್ಲಿ ಇನ್ನೊಂದು ಸಲ ದಾಳ ಹಾಕಿದೆ. ತವರಿನಲ್ಲಿ ಕವಡೆ ಹಾಕಿ ಚೌಕಾಬಾರ ಆಡಿ ಬೆಳೆದವಳು, ಕಡಿದರೆ ಇನ್ನೊಂದು ಆಟ ಇದ್ದೇ ಇರುತ್ತದಲ್ಲ? ನೀವು ಒಂದು ಸಲ ನನ್ನ ಮುಖ ನೋಡಿ, "ಸರಿ ಬುಡು, ಹಂಗೇ ಆಡಣ" ಅಂದಿರಿ.

ನನ್ನ ಕಾಯಿಯನ್ನು ನೀವು ಕಡಿದಾಗ ಮಾತ್ರ ದಾಳವನ್ನು ನನ್ನ ಕಡೆಗೇ ತಳ್ಳುತ್ತಿದ್ದಿರಿ. ಮುದುಕಿಗೆ ಇನ್ನೊಂದು ದಾಳ ಯಾಕೆ, ನೀನೇ ಹಾಕು ಅನ್ನುತ್ತಿದ್ದಿರಿ. ಕೈ ನೋವಿರಬೇಕು ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು...

ಶೋಭಾ ಕಿರಿಸೊಸೆಯಾಗಿ ಬಂದ ವರ್ಷ ನೀವು ಒಂದು ಕಟ್ಟಳೆ ಮಾಡಿದಿರಿ. ಓರಗಿತ್ತಿಯರು ಎದುರುಬದುರು ಕೂತು ದಾಳ ಹಾಕಬಾರದು, ಎರಡು ಜಡೆ ಸೇರಿದರೆ ಮನೆ ಎರಡಾಗುತ್ತದೆ ಅಂತ. ಕಾಫಿ ಕೊಯ್ಲು ಶುರುವಾದರೆ ಸಾಕು, ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಆನೇಮಹಲಿಗೆ ಹೊರಡುತ್ತಿದ್ದಿರಿ. ಅಲ್ಲಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಕಿರಿಮಗನಿಗೆ ಆಗ ಬಿಡುವಿಲ್ಲ, ಶೋಭಾ ಒಬ್ಬಳೇ ಆಗುತ್ತಾಳೆ ಅನ್ನುವುದು ನಿಮ್ಮ ನೆಪ. ಆ ಮೂರು ತಿಂಗಳು ನಾನಿಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ, ಈಗ ಅವಳ ಜೊತೆ ಆಡುತ್ತಿರಬೇಕು, ಈಗ ನಗುತ್ತಿರಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಎಷ್ಟು ರವಿಕೆಗಳ ತೋಳು ತಿರುವುಮುರುವು ಹೊಲಿದೆನೋ ದೇವರಿಗೇ ಗೊತ್ತು. ವಾಪಸು ಬಂದವರು ಮೊದಲು ಹೇಳುತ್ತಿದ್ದ ಮಾತು, ಶೋಭಾಳ ಕೈ ಚುರುಕು ಅಂತ. ನನ್ನ ಕೈಗೆ ಏನಾಗಿತ್ತು ಅತ್ತೆ?

ನಿಮ್ಮ ತಿಥಿಯ ದಿನ ಇವರು ಪೆಟ್ಟಿಗೆ ತಂದು, ಇದು ಕಿರಿಸೊಸೆಗೆ, ಅಮ್ಮ ಹೇಳಿ ಹೋಗಿದ್ದಾಳೆ ಅಂದಾಗ ಎಲ್ಲರೂ ನನ್ನನ್ನೇ ನೋಡಿದ ಹಾಗಾಯಿತು. ಬಿಚ್ಚಿ ನೋಡಿದರೆ ದಾಳ ಎರಡೂ ಇಲ್ಲ. ಯಾರೂ ಕೇಳುವ ಮೊದಲೇ "ನಾನಂತೂ ನೋಡಿಲ್ಲ" ಅಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೌದು, ನಾನೇ ತೆಗೆದದ್ದು, ಇವರು ಹಿಂದಿನ ರಾತ್ರಿ ನನಗೆ ವಿಷಯ ಹೇಳಿದ ಮೇಲೆ. ಇಗೋ, ನನ್ನ ಬಾಬಿನ್ ಡಬ್ಬಿಯಲ್ಲಿವೆ. ಮಣೆ ಅವಳಿಗಾದರೆ ದಾಳವಾದರೂ ನನಗಿರಲಿ ಅನ್ನಿಸಿತು. ಅವಳು ಮಗಳ ಲೂಡೋ ದಾಳ ಹಾಕಿಕೊಂಡು ಆಡುತ್ತಿದ್ದಾಳೆಂದು ಕೇಳಿ ಒಂದು ವಾರ ಖುಷಿಯಾಗಿದ್ದೆ.

ಹೋದ ತಿಂಗಳು, ನನ್ನ ಹತ್ತಿರ ರವಿಕೆ ಹೊಲಿಸುವ ಎಸ್ಟೇಟಿನವರೊಬ್ಬರು, ಸಕಲೇಶಪುರದ ಕ್ಲಬ್ಬಿನಲ್ಲಿ ಬ್ಯಾಕ್‌ಗ್ಯಾಮನ್ ಟೂರ್ನಮೆಂಟ್ ಇದೆ, ಹೊರಗಿನವರೂ ಆಡಬಹುದು ಅಂದರು. ಫೋನಿನಲ್ಲಿ ಪಟ ತೋರಿಸಿದಾಗ ನೋಡಿದರೆ ನಿಮ್ಮ ಬಂಗಲೆ ಪಗಡೆಯೇ! ಹೆಸರು ಕೊಟ್ಟೆ. ಗೆದ್ದರೆ ನಿಮ್ಮ ನಿಜವಾದ ಶಿಷ್ಯೆ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದಲ್ಲ, ಅದಕ್ಕೆ. ಕ್ಲಬ್ಬಿಗೆ ಕಾಲಿಟ್ಟರೆ ಆಗಲೇ ಶೋಭಾ ಕೂತಿದ್ದಾಳೆ, ನಾನೇ ಹೊಲಿದುಕೊಟ್ಟ ಹಸಿರು ರವಿಕೆ ಹಾಕಿಕೊಂಡು.

ಮೊದಲನೇ ಪಂದ್ಯದಲ್ಲಿ ಎದುರಿಗಿದ್ದವರ ಕಾಯಿ ಕಡಿದೆ, ಇನ್ನೊಂದು ಸಲ ದಾಳ ಹಾಕಿದೆ. ಅವರು ನಕ್ಕುಬಿಟ್ಟರು. ತೀರ್ಪುಗಾರರು ಬಂದು, ಅಮ್ಮಾ, ಈ ಆಟದಲ್ಲಿ ಹಾಗಿಲ್ಲ, ಕಡಿದರೂ ಒಂದೇ ಸಲ ಅಂದರು. ಕಿವಿ ಬಿಸಿಯಾಯಿತು. ತಿರುಗಿ ಶೋಭಾಳ ಮೇಜಿನ ಕಡೆ ನೋಡಿದೆ. ಅವಳೂ ಅದೇ ಗಳಿಗೆಯಲ್ಲಿ ಒಂದು ಕಾಯಿ ಕಡಿದಳು. ಕಡಿದು, ಕೈಕಟ್ಟಿ ಸುಮ್ಮನೆ ಕೂತಳು. ಅಂದರೆ ಅವಳಿಗೆ ಸರಿಯಾಗಿ ಕಲಿಸಿ, ನನಗೆ ತಪ್ಪು ಕಲಿಸಿದಿರಾ? ಆ ಸಿಟ್ಟಿನಲ್ಲೇ ಆ ಪಂದ್ಯ ಗೆದ್ದೆ.

ಎರಡನೆಯದು ಅವಳ ಜೊತೆಗೇ ಬಿತ್ತು. ನಿಮ್ಮ ಕಟ್ಟಳೆ ಮುರಿದದ್ದು ನಾವಲ್ಲ, ಚೀಟಿ ಎತ್ತಿದ ಕ್ಲಬ್ಬಿನವರು. ನಾಲ್ಕು ಆಟ ಅವಳಿಗೆ, ನಾಲ್ಕು ನನಗೆ. ಕೊನೆಯ ಆಟದಲ್ಲಿ ಅವಳ ಕಾಯಿ ಕಡಿದೆ. ಹಾಳು ಕೈ ತಾನಾಗಿಯೇ ದಾಳದ ಕಡೆ ಹೋಯಿತು, ಅರ್ಧಕ್ಕೆ ಹಿಡಿದುಕೊಂಡೆ. ಶೋಭಾ ಅದನ್ನೇ ನೋಡುತ್ತಿದ್ದಳು.

"ಹಾಕ್ಕಳಕ್ಕ," ಅಂದಳು, ಬೇರೆಯವರಿಗೆ ಕೇಳದ ಹಾಗೆ. "ಅತ್ತೆ ನಿಂಗೆ ಕೊಡ್ತಿದ್ರಲ್ಲ. ನಂಗೆ ಒಂದಿನಾನೂ ಕೊಡ್ಲಿಲ್ಲ."

ಒಂದು ಗೌರಿಹಬ್ಬಕ್ಕೆ ಕುಂದೂರಿಗೆ ಬಂದಾಗ ಅಡುಗೆಮನೆ ಬಾಗಿಲಿಂದ ನಮ್ಮಿಬ್ಬರ ಆಟ ನೋಡಿದ್ದಳಂತೆ. ಆನೇಮಹಲಿನಲ್ಲಿ ತಾನೂ ಹಾಗೇ ಇನ್ನೊಂದು ಸಲ ಹಾಕಹೋದರೆ ನೀವು ಅವಳ ಮಣಿಕಟ್ಟು ಹಿಡಿದಿರಂತೆ. ಅಕ್ಕನಿಗೆ ಮಾತ್ರ ಯಾಕೆ ಅಂತ ಕೇಳಿದ್ದಕ್ಕೆ ನೀವು ಹೇಳಿದ ಮಾತನ್ನು ಅವಳು ಹಾಗೆಯೇ ಒಪ್ಪಿಸಿದಳು: "ಅವಳಿಗೆ ಸೋಲಕ್ಕೆ ಬರಕ್ಕಿಲ್ಲ ಕಣೆ. ನಿಂಗೆ ಬತ್ತೈತೆ."

ಆಮೇಲೆ ಕಣ್ಣು ಒರೆಸಿಕೊಂಡು, "ಅವತ್ತಿಂದ ಹೊಟ್ಟೆ ಉರ್ಕಂಡಿದೀನಿ ಕಣಕ್ಕ, ನಿನ್ ಮೇಲೆ," ಅಂದಳು.

ನನ್ನ ಮೇಲೆ! ಇಷ್ಟು ವರ್ಷ ಈ ಮನೆಯಲ್ಲಿ ಉರಿಯುತ್ತಿರುವುದು ನಾನೊಬ್ಬಳೇ ಅಂದುಕೊಂಡಿದ್ದೆ. ಆದರೂ ಒಂದು ಕೇಳುತ್ತೇನೆ. ನನಗಾಗಿ ಇಲ್ಲದ ಕಾನೂನು ಹುಟ್ಟಿಸಿದಿರಿ, ಅವಳ ಜೊತೆ ನಿಜವಾದ ಆಟ ಆಡಿದಿರಿ. ಇದರಲ್ಲಿ ಯಾವುದು ಹೆಚ್ಚು? ನನ್ನ ಮೇಲೆ ಪ್ರೀತಿಯಿತ್ತಾ, ಇಲ್ಲಾ ಬರೀ ಪಾಪ ಅನ್ನಿಸಿತ್ತಾ? ನೀವಿದ್ದಿದ್ದರೆ...

ಸೋತೆ ಅತ್ತೆ. ಅವಳ ಕಾಯಿಗಳೆಲ್ಲ ಹಣ್ಣಾಗಿ ಹೊರಗೆ ಹೋದಾಗ ನನ್ನವು ಎರಡು ಉಳಿದಿದ್ದವು. ಎದ್ದು ಕೈಕುಲುಕಿ ಚೆನ್ನಾಗಿ ಆಡಿದೆ ಅಂದೆ. ಮುಖ ಊದಿಸಿಕೊಳ್ಳಲಿಲ್ಲ, ಸೋಲುವುದು ನನಗೂ ಬರುತ್ತದೆ. ಊರಿಗೆ ಬರಲು ಆಲೂರು ಬಸ್ಸು ಹತ್ತಿದ ಮೇಲೆ ಏನಾಯಿತೋ ಅದು ಬೇರೆ. ಫೈನಲ್ಲಿನಲ್ಲಿ ಅವಳೂ ಸೋತಳು. ನನಗೆ ಖುಷಿಯಾಯಿತು, ಬೈಯಬೇಡಿ. ಆಮೇಲೆ ನಮ್ಮ ಮನೆಯ ಆಟ ಸೋತಿತಲ್ಲ ಅಂತ ಸಂಕಟವೂ ಆಯಿತು.

ಈ ಭಾನುವಾರ ಬಾಬಿನ್ ಡಬ್ಬಿ ತೆಗೆದುಕೊಂಡು ಆನೇಮಹಲಿಗೆ ಹೋಗುತ್ತಿದ್ದೇನೆ. ನಿಮ್ಮ ಮಣೆ, ನಿಮ್ಮ ದಾಳ, ಓರಗಿತ್ತಿಯರಿಬ್ಬರೂ ಎದುರುಬದುರು. ಅವಳು ನನ್ನ ಕಾಯಿ ಕಡಿದರೆ ದಾಳವನ್ನು ಅವಳ ಕಡೆಗೇ ತಳ್ಳುತ್ತೇನೆ. ಒಂದೇ ಒಂದು ಸಲ. ದಿನಾ ಕೊಡುವುದಕ್ಕೆ ನಾನೇನು ಅವಳ ಅತ್ತೆಯಲ್ಲ.