ನಾಗದಾಳಿಯ ಹಸಿರು ಬಣ್ಣ

ಬಿಳಿಚೋಡು
12-10-2025, ಭಾನುವಾರ

ನನ್ನ ಗೋಡೆಯಾಚೆಯ ಗಾದ್ರಮ್ಮಕ್ಕನಿಗೆ, ನಾಟಕದ ಮೇಷ್ಟ್ರು ಜಂಪಣ್ಣ ತಲೆ ತಗ್ಗಿಸಿ ಮಾಡುವ ನಮಸ್ಕಾರ.

ಅಂಬಿಕಾ, ಈ ಕಾಗದವನ್ನು ನಿಮ್ಮಜ್ಜಿಗೆ ನೀನೇ ಓದಿ ಹೇಳಬೇಕು. ಗಟ್ಟಿಯಾಗಿ ಓದು, ಒಂದು ಸಾಲೂ ನುಂಗಬೇಡ. ಬೈಯಬೇಕು ಅನಿಸಿದ ಕಡೆ ನಿಲ್ಲಿಸಿ, ಬೈದು, ಮುಂದಕ್ಕೆ ಹೋಗು.

ಅಕ್ಕಾ, ನಲವತ್ತು ವರ್ಷ ಮೈಕಿಲ್ಲದೆ ಕೊನೇ ಸಾಲಿನವರಿಗೂ ಕೇಳುವಂತೆ ಕೂಗಿದ ಗಂಟಲು ಇದು. ನಾನು ದುರ್ಯೋಧನನಾಗಿ ತೊಡೆ ತಟ್ಟಿದರೆ ಹಟ್ಟಿಯ ಕುರಿಗಳೆಲ್ಲ ಎದ್ದು ನಿಲ್ಲುತ್ತವೆ ಎಂದು ನೀನೇ ಹಂಗಿಸುತ್ತಿದ್ದೆ. ಆ ಗಂಟಲು ಒಂದೇ ಒಂದು ನಿಜ ಹೇಳಬೇಕಾದ ದಿನ ಸುಳ್ಳು ಹೇಳಿತು.

ಹೋದ ವಾರ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಅಂಬಿಕಾ ಸಿಕ್ಕಿದ್ದಳು. ಬಾಣಂತನ ಮುಗಿಯಿತೇ, ಮಗು ಹೇಗಿದೆ, ಸವಳಂಗದ ನೀರು ಅಕ್ಕನಿಗೆ ಒಗ್ಗಿತೇ ಎಂದೆಲ್ಲ ಕೇಳಿದೆ. ಹುಡುಗಿ ಕಣ್ಣೊರೆಸಿಕೊಂಡು, "ಅಜ್ಜಿ ನನ್ನ ಮಗೂನ ಮುಟ್ಟಾಕೆ ಒಲ್ಲೆ ಅಂತಾಳೆ ತಾತ. ನನ್ನ ಕೈಗುಣ ಕೆಟ್ಟೈತೆ ಅಂತ ಸೆರಗಿನಾಗೆ ಕೈ ಮುಚ್ಕೊಂಡು ಕುಂತಿರ್ತಾಳೆ" ಅಂದಳು. ನಾನು ಹತ್ತಬೇಕಾಗಿದ್ದ ಬಸ್ಸು ಹೋಯಿತು. ನಿಂತೇ ಇದ್ದೆ.

ಯಾವ ಕೈ ಅಕ್ಕಾ! ಅರ್ಧ ಬಿಳಿಚೋಡಿನ ಕೂಸುಗಳ ಕಫ ಇಳಿಸಿದ ಕೈ. ನಿನ್ನ ಮದ್ದಿನ ಗಿಡ ಆ ನಾಗದಾಳಿ, ಸಮುದ್ರದಾಚೆಯಿಂದ ಬಂದದ್ದಂತೆ. ನಿಮ್ಮತ್ತೆ ಎಲ್ಲಿಂದಲೋ ಒಂದು ಕಡ್ಡಿ ತಂದು ಊರಿದ್ದರು. ನೀನು ಬೂದಿ, ಮರಳು ಬೆರೆಸಿದ ಮಣ್ಣಿನಲ್ಲಿ ಅದನ್ನು ಸೊಂಟದೆತ್ತರ ಬೆಳೆಸಿದೆ. ನೀರು ಜಾಸ್ತಿ ಹಾಕಿದವರಿಗೆ, "ಇದೇನು ಎಮ್ಮೆ ಅಲ್ಲ ಕಣ್ರೀ" ಎಂದು ಗದರುತ್ತಿದ್ದೆ. ಹೊತ್ತು ಮೂಡುವ ಮುಂಚೆ ಎಲೆ ಕಿತ್ತು, ಮೊಣಕೈವರೆಗೆ ಸೀಗೆಪುಡಿ ಹಾಕಿ ತೊಳೆದು, ಎಲೆಯನ್ನು ನೆರಳಲ್ಲಿ ಒಣಗಿಸಿ, ಬಜೆಯ ಜೊತೆ ಬಟ್ಟೆಯಲ್ಲಿ ಗಂಟು ಮಾಡಿ ಕೂಸಿನ ಕೊರಳಿಗೆ ಕಟ್ಟುತ್ತಿದ್ದೆ. ಆ ತೊಳೆಯುವುದನ್ನು ನಾನು ಮಡಿ ಅಂದುಕೊಂಡಿದ್ದೆ.

ಈಗ ಕೇಳು. ಹೋದ ರಾಜ್ಯೋತ್ಸವಕ್ಕೆ ಶಾಲೆಯ ಮಕ್ಕಳಿಗೆ ನಾಟಕ ಕಲಿಸಿದ್ದೆನಲ್ಲ, ಗುರುಬಸವರಾಜನ ಮಗಳು ರಕ್ಷಾಗೆ ನಾಗಕನ್ಯೆಯ ಪಾತ್ರ. ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಹಸಿರು ಬಣ್ಣ ಒಣಗಿ ಕಲ್ಲಾಗಿತ್ತು. ಸ್ಟೇಜಿನ ಸುತ್ತ ಹಾವು ಬರದಂತೆ ಇಡಾಕೆ ಎಂದು ನಿನ್ನಿಂದ ಒಂದು ತೆಕ್ಕೆ ನಾಗದಾಳಿ ಇಸಿದುಕೊಂಡಿದ್ದೆನಲ್ಲ, ಅದನ್ನೇ ಅರೆದು, ಎಣ್ಣೆ ಬೆರೆಸಿ, ಆ ಮಗುವಿನ ಎರಡೂ ತೋಳಿಗೆ ಬಳಿದೆ. ಎಂಥ ಹಸಿರು! ಅತಿಥಿಗಳು ತಡಮಾಡಿದರು. ಮಕ್ಕಳು ಒಂದೂವರೆ ತಾಸು ಬಯಲ ಬಿಸಿಲಲ್ಲಿ ನಿಂತರು. ಎರಡನೇ ದಿನಕ್ಕೆ ರಕ್ಷಾಳ ತೋಳ ತುಂಬ ಸುಟ್ಟಂಥ ಗುಳ್ಳೆ.

ಹಿಂದಿನ ದಿನ ಕೆಮ್ಮಿಗೆಂದು ನೀನು ಅವಳಿಗೆ ಗಂಟು ಕಟ್ಟಿದ್ದೆ. ಊರು ಅದನ್ನೇ ಹಿಡಿಯಿತು. ಗಂಟು ಇದ್ದದ್ದು ಕೊರಳಲ್ಲಿ, ಗುಳ್ಳೆ ಎದ್ದದ್ದು ತೋಳಲ್ಲಿ. ಕೊರಳು ನುಣ್ಣಗಿತ್ತು. ಅದನ್ನು ಗಮನಿಸಿದವನು ನಾನೊಬ್ಬನೇ.

ಕಟ್ಟೆಯ ಹತ್ತಿರ ನಿನ್ನನ್ನು ನಿಲ್ಲಿಸಿದಾಗ ಗುರುಬಸವರಾಜ, ಬಣ್ಣ ಯಾವುದು ಹಾಕಿದ್ರಿ ಮೇಷ್ಟ್ರೇ ಎಂದು ಕೇಳಿದ. ಅಂಗಡಿಯದು ಅಂದೆ. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ನಾನು ದನಿ ಏರಿಸಿದೆ. ಇಂಥ ವಿಷದ ಗಿಡ ಊರಲ್ಲಿ ಇರಬಾರದು ಎಂದು ಗುಡುಗಿದೆ. ನೀನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದೆ, ಎದುರಿನ ಪಾತ್ರದ ಮಾತಿಗೆ ಕಾಯುವವರ ಹಾಗೆ. ನಾನು ಹೋಗಿ ಗಿಡವನ್ನು ಬುಡಸಮೇತ ಕಿತ್ತೆ. ನಿನ್ನ ಮಗಳು ಬಂದು ಆ ವಾರವೇ ನಿನ್ನನ್ನು ಸವಳಂಗಕ್ಕೆ ಕರೆದುಕೊಂಡು ಹೋದಳು.

ಮಧ್ಯಾಹ್ನದ ಬಿಸಿಲಲ್ಲಿ ಕಿತ್ತ ಕೈ. ಮೂರನೇ ದಿನ ನನ್ನ ಮುಂಗೈಯಲ್ಲೂ ಅವೇ ಗುಳ್ಳೆ. ಆ ರಸಕ್ಕೆ ಬಿಸಿಲು ತಾಗಿದರೆ ಚರ್ಮ ಬೇಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ ಅಕ್ಕಾ, ಗೊತ್ತಾದದ್ದೇ ಅವತ್ತು. ತಿಂಗಳುಗಟ್ಟಲೆ ತುಂಬುತೋಳಿನ ಅಂಗಿ ಹಾಕಿ ಓಡಾಡಿದೆ.

ಹೊನ್ನಾಳಿಯಿಂದ ಬಂದವನೇ ಕಟ್ಟೆ ಹತ್ತಿ ನಿಂತು ಎಲ್ಲ ಹೇಳಿದೆ. ಜನ ಕೇಳಿದರು. ಮುಗಿಸಿದಾಗ ಮುಂದೆ ಕೂತಿದ್ದ ಧರ್ಮಪ್ಪ ಚಪ್ಪಾಳೆ ತಟ್ಟಿದ; ಹೊಸ ನಾಟಕದ ಮಾತು ಅಂದುಕೊಂಡನಂತೆ. ನನ್ನ ಬಾಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಆಮೇಲೆ ಗುರುಬಸವರಾಜನ ಮನೆಗೆ ಹೋಗಿ, ನೆಲದ ಮೇಲೆ ಕೂತು, ಸಣ್ಣ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ಅವನು ಬೈಯಲಿಲ್ಲ. "ಒಂದು ವರ್ಷ ಬೇಕಾತೇನ್ರೀ ಇದನ್ನ ಹೇಳಾಕೆ?" ಅಂದ. ರಕ್ಷಾ ತೋಳು ಚಾಚಿ ತೋರಿಸಿದಳು. ಕಲೆ ಮಾಸುತ್ತಾ ಬಂದಿದೆ, ಪೂರ್ತಿ ಹೋಗಿಲ್ಲ.

ಮಗುವಿಗೆ ಕಫವಿದ್ದರೆ ಡಾಕ್ಟರಿಗೆ ತೋರಿಸಲಿ. ಆದರೆ ನೀನು ಅದನ್ನು ಎತ್ತಿಕೋ. ನಿನ್ನ ಕೈ ಕೆಟ್ಟಿಲ್ಲ. ಕೆಟ್ಟದ್ದು ಯಾವ ಕೈ ಎಂದು ಈಗ ಊರಿಗೆ ಗೊತ್ತಿದೆ.

ಅವತ್ತು ಕಿತ್ತ ಗಿಡದ ಒಂದು ಕಡ್ಡಿಯನ್ನು ಒಡೆದ ಕೊಡದಲ್ಲಿ ಊರಿದ್ದೆ. ಯಾಕೆ ಊರಿದೆನೋ ತಿಳಿಯದು. ಬೂದಿ ಹಾಕಿದ್ದೇನೆ, ನೀರು ಕಡಿಮೆ ಹಾಕಿದ್ದೇನೆ. ಗೇಣುದ್ದ ಬಂದಿದೆ. ಅದು ನಿನ್ನದು.

ನಿನ್ನ ಮುಂದೆ ನಿಲ್ಲುವ ಮುಖವಿಲ್ಲದ
ಜಂಪಣ್ಣ

ತಾ.ಕ.: ಅಂಬಿಕಾ, ಇದನ್ನೂ ಓದು. ಅಕ್ಕಾ, ಮೇಲೆ ಒಂದು ಸುಳ್ಳಿದೆ. ಮೂರು ಸಲ ಕಾಗದ ಹರಿದು ಬರೆದೆ, ಮೂರು ಸಲವೂ ಬಾಯಿಪಾಠದಂತೆ ಗೊತ್ತಿರಲಿಲ್ಲ ಎಂಬ ಅದೇ ಸಾಲು ಬಂತು. ನನಗೆ ಗೊತ್ತಿತ್ತು. ಆ ತೆಕ್ಕೆ ಸೊಪ್ಪನ್ನು ಗೋಡೆಯ ಮೇಲಿಂದ ಕೊಡುವಾಗ ನೀನೇ ಹೇಳಿದ್ದೆ: "ರಸ ಮೈಗೆ ಹತ್ತಿಸ್ಕೋಬೇಡ ಜಂಪಣ್ಣ, ಹತ್ತಿದ ಮೈ ಬಿಸಿಲು ನೋಡಬಾರ್ದು." ಹೂಂ ಅಂದಿದ್ದೆ. ಬಳಿಯುವಾಗಲೂ ಆ ಮಾತು ಕಿವಿಯಲ್ಲಿತ್ತು. ಹತ್ತು ನಿಮಿಷದ ಪಾತ್ರ, ಏನಾಗುತ್ತದೆ ಅಂದುಕೊಂಡೆ. ಹಸಿರು ಅಷ್ಟು ಚೆನ್ನಾಗಿತ್ತು.