ಎಡಗಡೆಯ ಶಾಕ್ ಅಬ್ಸಾರ್ಬರ್

ನವೆಂಬರ್ ೧೪, ಶುಕ್ರವಾರ

ಇವತ್ತು ಅಭಿಲಾಷನಿಗೆ ಹೇಳಿಬಿಟ್ಟೆ. ಅವನ ಹಳೇ ಮಾದರಿಯ ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಎಡಕ್ಕೆ ವಾಲುತ್ತಿದೆ ಎಂದು ವಾರದಿಂದ ತಲೆ ಕೆಡಿಸಿಕೊಂಡು, ನಾಳೆ ಭೋಸರಿಯ ವರ್ಕ್‌ಶಾಪಿಗೆ ಬಿಡುವವನಿದ್ದ. ವಾಲಿಸಿದವಳು ನಾನೇ. ರಸ್ತೆಯ ಪ್ರತಿ ಉಬ್ಬಿಗೂ ಮಗಳು ಚಿನ್ನು ಬೆಚ್ಚಿ ಅಳುತ್ತಿದ್ದಳು. ಅವಳ ಸೀಟು ಹಿಂದೆ, ಎಡಗಡೆ. ಅದಕ್ಕೇ ಆ ಚಕ್ರದ ಕುಲುಕು ತಡೆಯುವ ಶಾಕ್ ಅಬ್ಸಾರ್ಬರಿನ ತಿರುಪನ್ನು ಮೆತ್ತಗಾಗುವಂತೆ ಕ್ಲಿಕ್ ಕ್ಲಿಕ್ ಎಂದು ತಿರುಗಿಸಿಟ್ಟಿದ್ದೆ. ಅದೊಂದನ್ನೇ.

"ಎಷ್ಟು ಕ್ಲಿಕ್ ತಿರುಗಿಸ್ದೆ?"

"ಆರು."

ಬಯ್ಯುತ್ತಾನೆ ಅಂದುಕೊಂಡೆ. "ಇಂಜಿನಿಯರಿಂಗ್ ಓದಿದೋಳು ನೀನು, ಬಲಗಡೇದೂ ಆರು ತಿರುಗಿಸ್ಬೇಕಿತ್ತು ತಾನೆ?" ಎಂದು ಟಾರ್ಚ್ ಹಿಡಿದು ಕೆಳಗಿಳಿದು ತಿರುಗಿಸಿ ಬಂದ. ಈಗ ಗೊರಕೆ.

ಭಾನುವಾರ ಲೋಣಾವಳಾಕ್ಕೆ ಹೊರಟಿದ್ದೇವೆ. ಎರಡೂ ಕಡೆ ಇಷ್ಟು ಮೆತ್ತಗಾದರೆ ಘಾಟಿಯ ತಿರುವಿನಲ್ಲಿ ಕಾರು ತೂಗಾಡುವುದಿಲ್ಲವೇ? ನಾಲ್ಕು ಕ್ಲಿಕ್ ಸಾಕಿತ್ತೇನೋ. ಟಾರ್ಚ್ ಅವನ ದಿಂಬಿನ ಪಕ್ಕದಲ್ಲೇ ಇದೆ. ಈ ಸಲ ಎರಡೂ ಕಡೆ ಎರಡೆರಡು ಕ್ಲಿಕ್ ಹಿಂದಕ್ಕೆ.