ಹರಿಣಿಯ ಭಾನುವಾರದ ಪುಟ ಮತ್ತು ತಮ್ಮ ಸುಧಾರಿತ ಆವೃತ್ತಿ

ಲಿನಕ್ಸ್ ಡೆಸ್ಕ್‌ಟಾಪ್ ಪ್ಯಾಕೇಜುಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ಮೂರು ವಾರದ ಹಿಂದೆ ತಾವು ಕಳಿಸಿದ ಅಪ್‌ಡೇಟ್‌ನಿಂದ ವಿಶಾಖಪಟ್ಟಣದ ಮಧುರವಾಡದ ನಮ್ಮ ಮನೆಯ ಕಂಪ್ಯೂಟರು ಕಪ್ಪು ಪರದೆ ತೋರಿಸುತ್ತ ಕೂತಿದೆ. ಒಳಗಿನ ಆಧಾರದ ಕೋಡು, ಅಂದರೆ ತಮ್ಮ ಭಾಷೆಯ ಲೈಬ್ರರಿಯನ್ನು, ಹೊಸದು ಮಾಡಿದಿರಿ, ಸಂತೋಷ. ಅದನ್ನೇ ನಂಬಿಕೊಂಡಿದ್ದ ಡೆಸ್ಕ್‌ಟಾಪನ್ನು ಅದಕ್ಕೆ ಹೊಂದುವಂತೆ ಮತ್ತೆ ಕಂಪೈಲ್ ಮಾಡಿ ಕಟ್ಟಲು ಮರೆತಿರಿ. ದೂರು ಕೊಟ್ಟರೆ 'ನಮ್ಮಲ್ಲಿ ಸರಿಯಾಗಿದೆ' ಎಂದು ಬರೆದು ಮುಚ್ಚಿದಿರಿ. ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ಸ್ವಾಮಿ ನಾನು. ಎದ್ದು ಹೋಗಿ ನೋಡದೆಯೇ ಹೇಳುವ ಮಾತು ಇದು ಅಂತ ನನಗೆ ಗೊತ್ತಿಲ್ಲವೇ? ನಾನೇ ಎಷ್ಟು ಸಲ ಹೇಳಿಲ್ಲ?

ನಾನು ದಾವಣಗೆರೆಯವನು. ಸದ್ಯ ವರ್ಗವಾಗಿ ವಿಜಯವಾಡದ ಪಟಮಟದಲ್ಲಿ ಒಬ್ಬನೇ ಇದ್ದೇನೆ. ಹೆಂಡತಿ ಹಿಮಬಿಂದು, ಏಳನೇ ಕ್ಲಾಸಿನ ಮಗಳು ಹರಿಣಿ ವಿಶಾಖಪಟ್ಟಣದಲ್ಲೇ ಉಳಿದಿದ್ದಾರೆ. ಮನೆಮಾತು ತೆಲುಗು, ಶಾಲೆಯದು ಇಂಗ್ಲಿಷು. ಅವಳ ಕನ್ನಡ ಉಳಿದಿರುವುದು ಪ್ರತಿ ಭಾನುವಾರ ಆ ಕಂಪ್ಯೂಟರಿನಲ್ಲಿ ನನಗೆ ಟೈಪ್ ಮಾಡಿ ಕಳಿಸುವ ಒಂದೇ ಪುಟದಲ್ಲಿ. ಕಡೆಯ ಪುಟ ಹೀಗೆ ಮುಗಿದಿತ್ತು: 'ಋಷಿಕೊಂಡ ಬೀಚಿನ ಮರಳಲ್ಲಿ ನನಗೆ ಒಂದು ಸಿಕ್ಕಿತು. ಏನು ಅಂತ ಮುಂದಿನ ವಾರ.' ಆ ಮುಂದಿನ ವಾರವನ್ನು ತಾವು ನುಂಗಿ ನೀರು ಕುಡಿದಿರಿ.

ಹೋದ ಶನಿವಾರ ಬೆಳಗಿನ ರೈಲು ಹಿಡಿದು ಹೋದೆ. ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲಿಗೆ ಹಚ್ಚಿದರೆ ಪ್ಯಾನೆಲ್‌ಗೆ ಮೆನು ಬೇಕು, ಮೆನುವಿಗೆ ಇನ್ನೊಂದು ಬೇಕು. ಒಂದು ಪ್ಯಾಕೇಜ್ ಸರಿಮಾಡಲು ಕೂತವನು ಏಳು ಕಟ್ಟಿದೆ. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿತು. ಹಿಮಬಿಂದು ಪೆಸರಟ್ಟು ದೋಸೆ ತಂದಿಟ್ಟು, ಆ ಸದ್ದಿಗೆ ಬಾಗಿಲೆಳೆದುಕೊಂಡು ಹೋದಳು. ಸಂಜೆಗೆ ಪರದೆ ಬೆಳಗಿತು. ಸಿಕ್ಕಿದ್ದೇನೆಂದು ಕೇಳಿದರೆ ಹರಿಣಿ ಬಾಯಿಬಿಡಲಿಲ್ಲ. "ಬರೆದೇ ಹೇಳೋದು, ನಾನ್ನಾ," ಅಂದಳು; ಅಪ್ಪನನ್ನು ಅವಳು ಕರೆಯುವುದು ತೆಲುಗಿನಲ್ಲೇ.

ಭಾನುವಾರ ನಾನಿನ್ನೂ ವಾಪಸಿನ ರೈಲಿನಲ್ಲಿದ್ದೆ, ತಮ್ಮ ಸುಧಾರಿತ ಆವೃತ್ತಿ ಬಂತು. ಸಂಖ್ಯೆ ಹೊಸದು, ರೋಗ ಹಳೆಯದು. ಪುಟ ಬರೆಯಲು ಕೂತ ಹರಿಣಿ ಮೊದಲು ಅದನ್ನು ಒತ್ತಿದಳು. ನಾನು ಕಟ್ಟಿದ ಏಳರ ಜಾಗದಲ್ಲೂ ತಮ್ಮವು ಬಂದು ಕೂತವು, ಪರದೆ ಮತ್ತೆ ಕಪ್ಪು. ಬೈಯಲು ಫೋನ್ ಮಾಡಿದರೆ, "ನೀವೇ ಹೇಳಿದ್ದಲ್ವಾ, ಅಪ್‌ಡೇಟ್ ಬಂದ್ರೆ ಮುಂದೂಡಬಾರದು ಅಂತ?" ಹೌದು, ನಾನೇ ಹೇಳಿದ್ದು. ಹಿಂದಿನಿಂದ ಹಿಮಬಿಂದು ಕಡ್ಡಿ ಮುರಿದ ಹಾಗೆ ಅಂದಳು: "ಏವಂಡಿ, ಬರೋ ಭಾನುವಾರದವರೆಗೆ ನೋಡ್ತೀನಿ. ಆಮೇಲೆ ಈ ಡಬ್ಬಾನ ಹಳೇ ಸಾಮಾನಿನವನಿಗೆ ಹಾಕ್ತೀನಿ. ಮಗಳು ಫೋನಲ್ಲಿ ಮಾತಾಡ್ತಾಳಲ್ಲ, ಸಾಲದಾ?"

ಸಾಲದು ಮಾನ್ಯರೇ. ಹೊಸದು ಬಂದು ಕೂರದಂತೆ ಪ್ಯಾಕೇಜನ್ನು ತಡೆಹಿಡಿದು ಇಡಬೇಕಿತ್ತು ಎಂದು ತಾವು ಬುದ್ಧಿ ಹೇಳಬೇಡಿ, ಈ ಶನಿವಾರ ಮತ್ತೆ ಕಟ್ಟಿ ಹಾಗೇ ಮಾಡಿ ಬರುತ್ತೇನೆ. ಆದರೆ ಅಪ್‌ಡೇಟ್ ಕಂಡರೆ ಹೆದರಿಕೋ ಎಂದು ಮಗಳಿಗೆ ನಾನೇ ಕಲಿಸಬೇಕೇ? ದೂರನ್ನು ಮತ್ತೆ ತೆರೆಯಿರಿ. ಹೊಸ ಲೈಬ್ರರಿಯ ಮೇಲೆ ಡೆಸ್ಕ್‌ಟಾಪನ್ನು ಮತ್ತೆ ಕಟ್ಟಿ, ಕಳಿಸುವ ಮುಂಚೆ ತಮ್ಮ ಯಂತ್ರದಲ್ಲಿ ಒಮ್ಮೆ ಶುರುಮಾಡಿ ನೋಡಿ. ಬೇಡಿಕೆ ಇಷ್ಟೇ.

ನಿನ್ನೆ ಅಮ್ಮನ ಮೊಬೈಲಿನಿಂದ ಹರಿಣಿ ಕೇಳಿದಳು: "ನಾನ್ನಾ, ಸಿಕ್ಕಿದ್ದು ಏನು ಅಂತ ತೆಲುಗಲ್ಲೇ ಹೇಳಿಬಿಡ್ಲಾ?" ಬೇಡ ಕಂದಾ, ಭಾನುವಾರದವರೆಗೆ ತಡಿ ಅಂದೆ. ತಡೀತಾಳೆ. ಹೇಳಿದ ಮಾತು ಕೇಳುವ ಹುಡುಗಿ, ಅದಕ್ಕೆ ತಮ್ಮ ಅಪ್‌ಡೇಟೇ ಸಾಕ್ಷಿ.

ಇಂತಿ,
ಏಳು ಕಟ್ಟಿ ಏಳನ್ನೂ ಕಳೆದುಕೊಂಡ
ಭರತೇಶ
ಪಟಮಟ, ವಿಜಯವಾಡ